ಕೈಯ ಗುರುತು

ಸಿನಿಮಾ ನೋಡುವುದು ಕೆಟ್ಟ ಚಾಳಿಯೆಂದು ನಂಬಿದ್ದ ಮನೆಯಲ್ಲಿ ನಾನು ಬೆಳೆದವನು. ಮಂಡ್ಯದ ಕಡೆಯ ನಮ್ಮ ಊರಿಗೆ ಟೂರಿಂಗ್ ಟಾಕೀಸಿನ ಡೇರೆ ಬಂದಾಗ, ಅಲ್ಲಿಂದ ತೇಲಿಬರುತ್ತಿದ್ದ ಹಾಡುಗಳನ್ನು ಜಗಲಿಯ ಮೇಲೆ ಮಲಗಿ ಕೇಳುವುದಷ್ಟೇ ನನ್ನ ಪಾಲಿನ ಸುಖವಾಗಿತ್ತು. ನನಗಿಂತ ಹನ್ನೊಂದು ವರ್ಷ ದೊಡ್ಡವನಾದ ಅಣ್ಣ ಮಾತ್ರ ಆಲೆಮನೆಯ ಕೆಲಸ ಮುಗಿಸಿ, ಅಪ್ಪನ ಕಣ್ಣು ತಪ್ಪಿಸಿ, ಎರಡನೆಯ ಆಟಕ್ಕೆ ಹೋಗಿಬರುತ್ತಿದ್ದನು. ಮರುದಿನ ಗದ್ದೆಯ ಬದುವಿನ ಮೇಲೆ ಕುಳಿತು ನನಗೆ ಕಥೆ ಹೇಳುತ್ತಿದ್ದನು. ಅವನು ಹೇಳುವ ಕಥೆಯಲ್ಲಿ ಪ್ರೇಮ, ವಿರಹ, ತಾಯಿಯ ಕಣ್ಣೀರು ಇವೆಲ್ಲ ಎರಡು ಮಾತಿನಲ್ಲಿ ಮುಗಿದುಹೋಗುತ್ತಿದ್ದವು. ಹೊಡೆದಾಟ ಮಾತ್ರ ಅರ್ಧ ಗಂಟೆ ನಡೆಯುತ್ತಿತ್ತು.

ಇಂಥ ನಾನು ಪ್ರೇಮಕಥೆಯೊಂದನ್ನು ಮನಸ್ಸಿಟ್ಟು ನೋಡಿದ್ದು 1980ರಲ್ಲಿ, ಮೈಸೂರಿನಲ್ಲಿ ಕನ್ನಡ ಎಂ.ಎ. ಓದುತ್ತಿದ್ದಾಗ. ಚಿತ್ರಸಮಾಜವೊಂದರ ಗೆಳೆಯರು ಆಗಾಗ ಒಂದು ಸಭಾಂಗಣದ ಕಿಟಕಿಗಳಿಗೆ ಕರಿಯ ಬಟ್ಟೆ ಕಟ್ಟಿ, ಬಿಳಿಯ ಪರದೆಯನ್ನು ತೂಗುಹಾಕಿ, ಹಳೆಯ ಚಿತ್ರಗಳನ್ನು ತೋರಿಸುತ್ತಿದ್ದರು. ಆ ಸಂಜೆಯ ಚಿತ್ರ ಚಾರ್ಲಿ ಚಾಪ್ಲಿನ್‌ನ ‘ಸಿಟಿ ಲೈಟ್ಸ್’, ಎಂದರೆ ನಗರದ ದೀಪಗಳು. ಕುಳ್ಳ ಮನುಷ್ಯ, ಸಡಿಲವಾದ ಷರಾಯಿ, ಬಿಗಿಯಾದ ಕೋಟು, ಕೈಯಲ್ಲಿ ಬೆತ್ತ, ಮೂಗಿನ ಕೆಳಗೆ ಒಂದು ಚೂರು ಮೀಸೆ: ಇವನನ್ನು ನೋಡಿ ಚೆನ್ನಾಗಿ ನಕ್ಕು ಬರೋಣವೆಂದು ಹೋದೆ. ನಕ್ಕೆ. ಆದರೆ ಚಿತ್ರ ಮುಗಿದು ದೀಪ ಹತ್ತಿದಾಗ ನೆರೆಯ ಕುರ್ಚಿಯವನಿಗೆ ಮುಖ ತೋರಿಸಲಾರದೆ, ಚಪ್ಪಲಿ ಹುಡುಕುವ ನೆಪದಿಂದ ತಲೆ ಬಗ್ಗಿಸಿ ಕುಳಿತಿದ್ದೆ. ಅದಕ್ಕೆ ಕಾರಣ ಅರ್ಧ ಆ ಚಿತ್ರದಲ್ಲಿತ್ತು, ಅರ್ಧ ನನ್ನಲ್ಲಿತ್ತು. ಮೊದಲು ಚಿತ್ರದ ವಿಷಯ ಹೇಳುತ್ತೇನೆ.

ಅಮೆರಿಕದ ಹಾಲಿವುಡ್ಡಿನಲ್ಲಿ ಚಲಚ್ಚಿತ್ರಗಳಿಗೆ ಮಾತು ಬರುವುದಕ್ಕೆ ಮೊದಲೇ ಪ್ರೇಮದ ಕಥೆಗಳು ಹೇರಳವಾಗಿ ಬಂದಿದ್ದವು. ಮಾತಿಲ್ಲದೆ ಪ್ರೇಮವನ್ನು ಹೇಳುವುದು ಹೇಗೆ? ಒಂದು ಹಾರ ತರುವುದು, ಒಂದು ಬಾಗಿಲ ಬಳಿ ಕಾಯುವುದು, ಬಾರದವರಿಗಾಗಿ ಎಲೆ ಹಾಕಿಡುವುದು, ಇಂಥ ಸಣ್ಣ ಕೆಲಸಗಳಿಂದಲೇ ಹೇಳಬೇಕು. 1925ರಲ್ಲಿ ಬಂದ ಚಾಪ್ಲಿನ್‌ನ ‘ದಿ ಗೋಲ್ಡ್ ರಶ್’ ಚಿತ್ರದಲ್ಲಿ ಹೀಗೊಂದು ದೃಶ್ಯವುಂಟು. ಚಿನ್ನ ಹುಡುಕಲು ಹಿಮದ ನಾಡಿಗೆ ಹೋದ ಬಡಪಾಯಿ, ಹೊಸ ವರ್ಷದ ಹಿಂದಿನ ರಾತ್ರಿ ತಾನು ಮೆಚ್ಚಿದವಳನ್ನೂ ಅವಳ ಗೆಳತಿಯರನ್ನೂ ಊಟಕ್ಕೆ ಕರೆದಿದ್ದಾನೆ. ಮೇಜನ್ನು ಸಿಂಗರಿಸಿ ಕಾಯುತ್ತಾನೆ. ಕಾಯುತ್ತ ನಿದ್ರೆ ಹೋಗುತ್ತಾನೆ. ಕನಸಿನಲ್ಲಿ ಅವರು ಬಂದಿದ್ದಾರೆ. ಇವನು ಎರಡು ಮುಳ್ಳುಚಮಚಗಳಿಗೆ ಎರಡು ರೊಟ್ಟಿಯುಂಡೆಗಳನ್ನು ಸಿಕ್ಕಿಸಿ, ಅವನ್ನು ಕಾಲುಗಳಂತೆ ಮಾಡಿ, ಮೇಜಿನ ಮೇಲೆ ಕುಣಿಸಿ ಅವರನ್ನು ನಗಿಸುತ್ತಾನೆ. ಎಚ್ಚರಾದಾಗ ಮನೆಯಲ್ಲಿ ಯಾರೂ ಇಲ್ಲ. ಹಾಸ್ಯ ಎಲ್ಲಿ ಮುಗಿಯಿತು, ಕರುಣ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆದು ತೋರಿಸಲು ಯಾವ ಅಲಂಕಾರಶಾಸ್ತ್ರಜ್ಞನಿಗೂ ಆಗದು.

1927ರಲ್ಲಿ ಮುರ್ನೌ ಎಂಬ ಜರ್ಮನ್ ನಿರ್ದೇಶಕನು ಹಾಲಿವುಡ್ಡಿಗೆ ಬಂದು ತೆಗೆದ ‘ಸನ್‌ರೈಸ್’ ಇನ್ನೊಂದು ಬಗೆಯದು. ಪಟ್ಟಣದ ಹೆಣ್ಣಿನ ಮೋಹಕ್ಕೆ ಸಿಕ್ಕಿದ ರೈತನೊಬ್ಬನು ಹೆಂಡತಿಯನ್ನು ದೋಣಿಯಲ್ಲಿ ಕರೆದೊಯ್ದು ನೀರಿಗೆ ತಳ್ಳಲು ಹೊರಟು, ತಳ್ಳಲಾರದೆ ಕುಸಿಯುತ್ತಾನೆ. ಹೆದರಿ ಓಡುವ ಅವಳ ಬೆನ್ನು ಹಿಡಿದು ಪಟ್ಟಣಕ್ಕೆ ಹೋಗುತ್ತಾನೆ. ಅಲ್ಲಿ ಒಂದು ಇಗರ್ಜಿಯಲ್ಲಿ ಯಾರದೋ ಮದುವೆ ನಡೆಯುವುದನ್ನು ನೋಡುತ್ತ ಗಂಡನು ಅತ್ತುಬಿಡುತ್ತಾನೆ. ಬೇರೆಯವರ ಮದುವೆಯಲ್ಲಿ ಅವರಿಬ್ಬರ ಮದುವೆ ಎರಡನೆಯ ಸಲ ಆಗುತ್ತದೆ. ಇದೂ ಮಾತಿಲ್ಲದ ಚಿತ್ರವೇ.

ಆದರೆ ‘ಸನ್‌ರೈಸ್’ ತೆರೆ ಕಂಡ ಎರಡು ವಾರಗಳಲ್ಲಿ, 1927ರ ಅಕ್ಟೋಬರಿನಲ್ಲಿ, ‘ದಿ ಜಾಝ್ ಸಿಂಗರ್’ ಎಂಬ ಚಿತ್ರ ಬಂದಿತು. ಅದರಲ್ಲಿ ನಟನು ಹಾಡಿದನು, ನಡುವೆ ಕೆಲವು ಮಾತುಗಳನ್ನೂ ಆಡಿದನು. ಅಲ್ಲಿಂದ ಮುಂದೆ ಜನ ಮಾತನ್ನೇ ಬಯಸಿದರು. ಎರಡು ಮೂರು ವರ್ಷಗಳಲ್ಲಿ ಹಾಲಿವುಡ್ಡೆಲ್ಲ ಮಾತಾಡತೊಡಗಿತು. ಚಾಪ್ಲಿನ್‌ನೊಬ್ಬನು ಒಪ್ಪಲಿಲ್ಲ. ಅವನ ಬಡಪಾಯಿ ಯಾವ ಭಾಷೆಯಲ್ಲಿ ಮಾತಾಡಬೇಕು? ಇಂಗ್ಲಿಷಿನಲ್ಲಿ ಬಾಯಿ ತೆರೆದ ಕೂಡಲೇ ಅವನು ಇಂಗ್ಲಿಷ್ ಬಲ್ಲವರ ಸೊತ್ತಾಗುತ್ತಾನೆ, ಸುಮ್ಮನಿದ್ದರೆ ಎಲ್ಲರವನು. ಚಾಪ್ಲಿನ್‌ನಿಗೆ ಸ್ವಂತ ಸ್ಟುಡಿಯೋ ಇತ್ತು. 1919ರಲ್ಲಿ ಮೂವರು ಗೆಳೆಯರೊಂದಿಗೆ ಸೇರಿ ಕಟ್ಟಿದ ಚಿತ್ರವಿತರಣೆಯ ಸಂಸ್ಥೆಯೂ ಇತ್ತು. ಆದ್ದರಿಂದ ಯಾರ ಅಪ್ಪಣೆಗೂ ಕಾಯದೆ ಹಟ ಹಿಡಿದನು. 1928ರ ಕೊನೆಯಲ್ಲಿ ‘ಸಿಟಿ ಲೈಟ್ಸ್’ ಚಿತ್ರೀಕರಣ ಮೊದಲಾಯಿತು. ಅದು ತೆರೆ ಕಂಡದ್ದು 1931ರ ಜನವರಿ 30ರಂದು, ಲಾಸ್ ಏಂಜಲೀಸ್ ನಗರದಲ್ಲಿ. ಅಂದು ಚಾಪ್ಲಿನ್‌ನ ಜೊತೆಯಲ್ಲಿ ಕುಳಿತು ಚಿತ್ರ ನೋಡಿದವರಲ್ಲಿ ವಿಜ್ಞಾನಿ ಐನ್‌ಸ್ಟೈನ್ ಒಬ್ಬರು. ಅದಾದ ಆರು ವಾರಗಳಿಗೆ, ಮಾರ್ಚ್ 14ರಂದು, ಮುಂಬಯಿಯಲ್ಲಿ ನಮ್ಮ ದೇಶದ ಮೊದಲ ವಾಕ್ಚಿತ್ರ ‘ಆಲಂ ಆರಾ’ ತೆರೆ ಕಂಡಿತು. ಕನ್ನಡವು ತೆರೆಯ ಮೇಲೆ ಮಾತಾಡಲು 1934ರ ‘ಸತಿ ಸುಲೋಚನ’ದವರೆಗೆ ಕಾಯಬೇಕಾಯಿತು. ಲೋಕವೆಲ್ಲ ಮಾತು ಕಲಿಯುತ್ತಿದ್ದ ಹೊತ್ತಿನಲ್ಲಿ ಈ ಮನುಷ್ಯ ಮೌನವನ್ನು ಹಿಡಿದು ಕುಳಿತಿದ್ದನು. ಸಂಗೀತವನ್ನು ಮಾತ್ರ ತಾನೇ ಸಂಯೋಜಿಸಿ ಚಿತ್ರಕ್ಕೆ ಸೇರಿಸಿದನು.

ಕಥೆ ಬಹಳ ಸರಳ. ಬೀದಿಯ ಮೂಲೆಯಲ್ಲಿ ಹೂ ಮಾರುವ ಒಬ್ಬ ಕುರುಡು ಹುಡುಗಿ; ಅವಳನ್ನು ಮೆಚ್ಚುವ ಮನೆಮಠವಿಲ್ಲದ ಬಡಪಾಯಿ. ಅವಳು ಇವನನ್ನು ಶ್ರೀಮಂತನೆಂದು ತಿಳಿಯುತ್ತಾಳೆ. ಆದರೆ ಕಣ್ಣಿಲ್ಲದ ಹುಡುಗಿಗೆ, ಮಾತಿಲ್ಲದ ಚಿತ್ರದಲ್ಲಿ, ಚಿಂದಿ ತೊಟ್ಟವನೊಬ್ಬನು ಶ್ರೀಮಂತನೆಂಬ ಭ್ರಮೆ ಬರುವುದು ಹೇಗೆ? ಚಾಪ್ಲಿನ್‌ನನ್ನು ಕಾಡಿದ ಪ್ರಶ್ನೆ ಇದು. ಈ ಒಂದು ಭೇಟಿಯ ದೃಶ್ಯವನ್ನು ಅವನು 342 ಸಲ ತೆಗೆದನೆಂದು ಲೆಕ್ಕ ಹೇಳುತ್ತಾರೆ. ಹುಡುಗಿಯ ಪಾತ್ರ ವಹಿಸಿದ ವರ್ಜೀನಿಯಾ ಚೆರಿಲ್ ಎಂಬ ಇಪ್ಪತ್ತರ ತರುಣಿಗೆ ಅದಕ್ಕೆ ಮುಂಚೆ ನಟನೆಯ ಅನುಭವವಿರಲಿಲ್ಲ. ಆಕೆ ಒಂದು ಹೂವನ್ನು ಮುಂದೆ ಹಿಡಿಯಬೇಕು, ಅಷ್ಟೆ. ಹಿಡಿದಳು, ಸರಿಯಾಗಲಿಲ್ಲ. ಮತ್ತೆ ಹಿಡಿದಳು. ನಡುವೆ ಕೋಪ ಬಂದು ಚಾಪ್ಲಿನ್ ಅವಳನ್ನು ಕೆಲಸದಿಂದ ತೆಗೆದು, ಬೇರೊಬ್ಬ ನಟಿಯನ್ನು ಪರೀಕ್ಷಿಸಿ, ಕೊನೆಗೆ ಇವಳನ್ನೇ ಮರಳಿ ಕರೆಸಿಕೊಂಡನು. ಒಂದು ಪ್ರಬಂಧವನ್ನು ಎರಡು ಸಲ ತಿದ್ದಿ ಬರೆಯಲು ಹೇಳಿದರೆ ಮುಖ ಸಿಂಡರಿಸುತ್ತಿದ್ದ ನನ್ನ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಅದರಿಂದ ಅವರ ಮುಖವೇನೂ ಅರಳಲಿಲ್ಲ!

ಕೊನೆಗೆ ಅವನು ಕಂಡುಕೊಂಡ ಉಪಾಯ ಇದು. ರಸ್ತೆಯಲ್ಲಿ ವಾಹನಗಳು ಕಿಕ್ಕಿರಿದು ನಿಂತಿವೆ. ದಾಟುವ ದಾರಿಯಲ್ಲಿ ಪೊಲೀಸಿನವನಿದ್ದಾನೆ. ಅವನ ಕಣ್ಣಿಗೆ ಬೀಳಬಾರದೆಂದು ಬಡಪಾಯಿಯು ನಿಂತಿದ್ದ ಒಂದು ದೊಡ್ಡ ಮೋಟಾರಿನ ಒಂದು ಬಾಗಿಲಿನಿಂದ ಒಳಹೊಕ್ಕು, ಇನ್ನೊಂದು ಬಾಗಿಲಿನಿಂದ ಇಳಿದು, ಅದನ್ನು ಮುಚ್ಚುತ್ತಾನೆ. ಬಾಗಿಲು ಮುಚ್ಚಿದ ಸದ್ದು ಹುಡುಗಿಯ ಕಿವಿಗೆ ಬಿತ್ತು. ಮೋಟಾರಿನಿಂದ ಇಳಿದವನು ಶ್ರೀಮಂತನೇ ಆಗಿರಬೇಕಲ್ಲವೆ? ಅವಳು ಹೂವನ್ನು ಚಾಚುತ್ತಾಳೆ. ಹೂವು ಕೆಳಗೆ ಬೀಳುತ್ತದೆ. ಇವನು ಎತ್ತಿಕೊಂಡ ಮೇಲೂ ಅವಳು ನೆಲವನ್ನು ತಡವರಿಸುತ್ತಿದ್ದಾಳೆ. ಆಗ ಇವನಿಗೆ ತಿಳಿಯುತ್ತದೆ. ಇದ್ದೊಂದು ನಾಣ್ಯವನ್ನು ಅವಳಿಗೆ ಕೊಡುತ್ತಾನೆ. ಅಷ್ಟರಲ್ಲಿ ಮೋಟಾರಿನ ನಿಜವಾದ ಒಡೆಯನು ಬಂದು, ಬಾಗಿಲು ಹಾಕಿಕೊಂಡು ಹೊರಟುಹೋಗುತ್ತಾನೆ. ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟನಲ್ಲ ಎಂದುಕೊಂಡು ಹುಡುಗಿ ಹೋಗುವ ಮೋಟಾರಿನ ಕಡೆಗೆ ಕೂಗುತ್ತಾಳೆ. ಅವಳ ಮಗ್ಗುಲಲ್ಲೇ ನಿಂತ ಬಡಪಾಯಿ ಒಂದು ಮಾತೂ ಆಡದೆ, ತುದಿಗಾಲಿನ ಮೇಲೆ ಮೆಲ್ಲನೆ ಸರಿದುಹೋಗುತ್ತಾನೆ. ಅವಳ ಭ್ರಮೆ ಒಡೆಯಬಾರದು! ಇಡೀ ಕಥೆ ನಿಂತಿರುವುದು ಬಾಗಿಲಿನ ಒಂದು ಸದ್ದಿನ ಮೇಲೆ. ಆ ಸದ್ದು ಮಾತ್ರ ನಮಗೆ ಕೇಳಿಸುವುದೇ ಇಲ್ಲ. ಅವಳ ಮುಖದಲ್ಲಿ ಅದನ್ನು ನಾವು ನೋಡುತ್ತೇವೆ.

ಈ ದೃಶ್ಯ ಇಲ್ಲಿಗೇ ಮುಗಿದಿದ್ದರೆ ಸ್ವಲ್ಪ ಸಿಹಿ ಹೆಚ್ಚಾಗುತ್ತಿತ್ತೇನೋ. ಬಡಪಾಯಿ ಮರಳಿ ಬಂದು, ಮೂಲೆಯಲ್ಲಿ ಸದ್ದಿಲ್ಲದೆ ಕುಳಿತು, ಅವಳನ್ನು ತನ್ಮಯನಾಗಿ ನೋಡುತ್ತಿದ್ದಾನೆ. ಅವಳು ಹೂವಿನ ಪಾತ್ರೆಯನ್ನು ತೊಳೆದು, ಆ ನೀರನ್ನು ನೇರವಾಗಿ ಇವನ ಮುಖದ ಮೇಲೆ ಎರಚುತ್ತಾಳೆ.

ನಡುವಿನ ಕಥೆಯಲ್ಲಿ ಒಬ್ಬ ಕೋಟ್ಯಧೀಶನು ಬರುತ್ತಾನೆ. ಕುಡಿದ ಅಮಲಿನಲ್ಲಿ ನೀರಿಗೆ ಬಿದ್ದು ಸಾಯಹೊರಟ ಅವನನ್ನು ಬಡಪಾಯಿ ಉಳಿಸುತ್ತಾನೆ. ಅಂದಿನಿಂದ ಅವನು ಕುಡಿದಾಗಲೆಲ್ಲ ಇವನು ಪ್ರಾಣಮಿತ್ರ. ಅಪ್ಪಿಕೊಂಡು, ಮೋಟಾರಿನಲ್ಲಿ ಕೂರಿಸಿಕೊಂಡು, ಮನೆಗೆ ಕರೆದೊಯ್ಯುತ್ತಾನೆ. ಬೆಳಗಾಗಿ ಅಮಲಿಳಿದರೆ, ಯಾರಿವನು, ಹೊರಗೆ ಹಾಕಿರಿ ಎಂಬ ಮುಖ! ಗುರುತು ಹಿಡಿಯಲು ಅವನಿಗೆ ಬುದ್ಧಿ ಕೆಡಬೇಕು. ಇದನ್ನು ನೋಡಿ ಸಭಾಂಗಣವೆಲ್ಲ ನಕ್ಕಿತು. ನಾನೂ ನಕ್ಕೆ, ಆದರೆ ನನ್ನ ನಗೆ ಸ್ವಲ್ಪ ಬೇಗನೆ ನಿಂತಿತು.

ಹುಡುಗಿಯ ಮನೆಬಾಡಿಗೆ 22 ಡಾಲರು ಬಾಕಿಯಿದೆ. ಅವಳಿಗೆ ನೆರವಾಗಲೆಂದು ಬಡಪಾಯಿ ಬೀದಿ ಗುಡಿಸುವ ಕೆಲಸಕ್ಕೆ ಸೇರುತ್ತಾನೆ. ಎದುರಿಗೆ ಪ್ರಾಣಿಗಳ ಹಿಂಡೊಂದು ಬಂದಾಗ, ಅವುಗಳ ಹಿಂದೆ ಗುಡಿಸುವ ಪಾಡನ್ನು ನೆನೆದು, ಬೇರೆ ದಿಕ್ಕಿಗೆ ತಿರುಗುತ್ತಾನೆ. ಆ ಕಡೆಯಿಂದ ಆನೆ ಬರುತ್ತದೆ. ದಸರಾ ಮೆರವಣಿಗೆಯ ಊರಿನ ಪ್ರೇಕ್ಷಕರಿಗೆ ಈ ಹಾಸ್ಯವನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಆ ಕೆಲಸವೂ ಹೋಯಿತು. ಹಣಕ್ಕಾಗಿ ಮುಷ್ಟಿಯುದ್ಧಕ್ಕೆ ಇಳಿಯುತ್ತಾನೆ. ಕಾಳಗವನ್ನು ಹುಸಿಯಾಗಿ ನಡೆಸಿ ಬಂದ ಹಣವನ್ನು ಹಂಚಿಕೊಳ್ಳೋಣವೆಂದು ಒಪ್ಪಿದ್ದ ಎದುರಾಳಿ, ಪೊಲೀಸರ ಭಯದಿಂದ ಓಡಿಹೋಗುತ್ತಾನೆ. ಅವನ ಬದಲು ಬಂದವನೋ, ನಿಜವಾಗಿಯೇ ಗುದ್ದುವವನು! ಬಡಪಾಯಿ ತೀರ್ಪುಗಾರನ ಬೆನ್ನಿಗೆ ಅಡಗಿ, ಅವನು ಸರಿದ ಕಡೆಗೆಲ್ಲ ತಾನೂ ಸರಿಯುತ್ತಾನೆ. ಮೂವರೂ ಒಂದು ತಾಳಕ್ಕೆ ಕುಣಿದಂತೆ ಕಾಣುತ್ತದೆ. ನಗೆಯ ಮಟ್ಟಿಗೆ ಇದಕ್ಕಿಂತ ಮೇಲಿನದನ್ನು ನಾನು ತೆರೆಯ ಮೇಲೆ ಕಂಡಿಲ್ಲ.

ಕೊನೆಗೆ, ಕುಡಿದಿದ್ದ ಕೋಟ್ಯಧೀಶನು ಹುಡುಗಿಯ ಕಣ್ಣಿನ ಚಿಕಿತ್ಸೆಗೆಂದು 1000 ಡಾಲರು ಕೊಡುತ್ತಾನೆ. ಅಷ್ಟರಲ್ಲೇ ಕಳ್ಳರು ಅವನ ತಲೆಗೆ ಹೊಡೆಯುತ್ತಾರೆ. ಎಚ್ಚರವಾದಾಗ ಅಮಲೂ ಇಲ್ಲ, ಗುರುತೂ ಇಲ್ಲ. ಕಳ್ಳತನದ ಅಪವಾದ ಬಡಪಾಯಿಯ ತಲೆಗೆ ಬರುತ್ತದೆ. ಅವನು ತಪ್ಪಿಸಿಕೊಂಡು ಹುಡುಗಿಯ ಮನೆಗೆ ಓಡಿ, ಹಣವನ್ನು ಅವಳ ಕೈಗಿಡುತ್ತಾನೆ. ಒಂದೇ ಒಂದು ನೋಟನ್ನು ತನಗೆಂದು ಜೇಬಿಗೆ ಹಾಕಿಕೊಳ್ಳುತ್ತಾನೆ. ಅವಳು ಇವನ ಕೈಗೆ ಮುತ್ತಿಡುತ್ತಾಳೆ. ಜೇಬಿಗೆ ಹೋಗಿದ್ದ ನೋಟೂ ಹೊರಗೆ ಬರುತ್ತದೆ. ಅಲ್ಲಿಂದ ಅವನು ಹೋಗುವುದು ಸೆರೆಮನೆಗೆ.

ತಿಂಗಳುಗಳು ಕಳೆದಿವೆ. ಹುಡುಗಿಗೆ ಕಣ್ಣು ಬಂದಿದೆ. ಸ್ವಂತ ಹೂವಿನ ಅಂಗಡಿಯಿದೆ. ಶ್ರೀಮಂತ ತರುಣರು ಅಂಗಡಿಗೆ ಬಂದಾಗಲೆಲ್ಲ ತನ್ನ ಉಪಕಾರಿ ಇವನೇ ಇರಬಹುದೇ ಎಂದು ನೋಡುತ್ತಾಳೆ. ಆ ಹೊತ್ತಿಗೆ ಬಡಪಾಯಿ ಸೆರೆಯಿಂದ ಬಿಟ್ಟು ಬಂದು, ಮೊದಲಿಗಿಂತಲೂ ಹರಕುಬಟ್ಟೆಯಲ್ಲಿ, ಅದೇ ಬೀದಿಯಲ್ಲಿ ನಡೆಯುತ್ತಿದ್ದಾನೆ. ಪತ್ರಿಕೆ ಮಾರುವ ಹುಡುಗರು ಅವನನ್ನು ಕಾಡಿಸುತ್ತಾರೆ. ಮೋರಿಯ ಬದಿಯಲ್ಲಿ ಬಿದ್ದಿದ್ದ ಹೂವೊಂದನ್ನು ಅವನು ಎತ್ತಿಕೊಳ್ಳುತ್ತಾನೆ. ಅಂಗಡಿಯ ಗಾಜಿನ ಒಳಗಿನಿಂದ ಇದನ್ನೆಲ್ಲ ನೋಡಿ ಅವಳು ನಗುತ್ತಾಳೆ. ಹೌದು, ಕಣ್ಣು ಬಂದ ಮೇಲೆ ಅವಳು ಅವನನ್ನು ನೋಡಿ ಮಾಡಿದ ಮೊದಲ ಕೆಲಸ ನಗುವುದು! ಇವನೋ, ಅವಳನ್ನು ಕಂಡು ನಿಂತಲ್ಲೇ ನಿಂತಿದ್ದಾನೆ. ಕೈಯಲ್ಲಿನ ಹೂವಿನ ಎಸಳುಗಳು ಉದುರುತ್ತಿವೆ. ಹುಚ್ಚನೊಬ್ಬ ತನ್ನನ್ನು ಮೆಚ್ಚಿದನೆಂದು ಅವಳಿಗೆ ವಿನೋದ. ಕನಿಕರಪಟ್ಟು ಹೊಸ ಹೂವೊಂದನ್ನೂ ಒಂದು ನಾಣ್ಯವನ್ನೂ ಹಿಡಿದು ಹೊರಗೆ ಬರುತ್ತಾಳೆ. ಅವನು ಓಡಿಹೋಗಲು ನೋಡುತ್ತಾನೆ. ಅವಳು ಅವನ ಕೈಯನ್ನು ಹಿಡಿದೆಳೆದು ನಾಣ್ಯವನ್ನು ಅಂಗೈಯಲ್ಲಿಟ್ಟು ಮುಚ್ಚುತ್ತಾಳೆ. ಅಲ್ಲಿ ಅವಳ ನಗೆ ನಿಲ್ಲುತ್ತದೆ. ಬೆರಳುಗಳು ಆ ಕೈಯನ್ನು ತಡವುತ್ತವೆ. ತೋಳಿಗೆ, ಭುಜಕ್ಕೆ, ಕೋಟಿನ ಅಂಚಿಗೆ ಹೋಗುತ್ತವೆ. ಕಣ್ಣಿಗೆ ತಿಳಿಯದೆ ಹೋದದ್ದು ಕೈಗೆ ತಿಳಿಯಿತು.

ಕನ್ನಡ ಓದಿದವರಿಗೆ ಇಲ್ಲಿ ಕಾಳಿದಾಸನ ಶಾಕುಂತಲ ನೆನಪಾಗದೆ ಇರದು. ದುಷ್ಯಂತನ ಸಭೆಯಲ್ಲಿ ಶಕುಂತಲೆ ನಿಂತಿದ್ದಾಳೆ. ರಾಜನಿಗೆ ಕಣ್ಣಿದೆ, ಗುರುತಿಲ್ಲ. ಅಲ್ಲಿ ಗುರುತನ್ನು ತರಲು ಒಂದು ಉಂಗುರ ಬೇಕಾಯಿತು, ಮರೆವಿಗೆ ಹೊಣೆಯಾಗಲು ಮುನಿಯ ಶಾಪ ಬೇಕಾಯಿತು. ಇಲ್ಲಿ ಶಾಪವಿಲ್ಲ, ಉಂಗುರವೂ ಇಲ್ಲ, ಬರಿಯ ಅಂಗೈ. ಅವನೇ ನೀನೋ ಎಂದು ಅವಳು ಕೇಳುತ್ತಾಳೆ. ಹೌದೆಂದು ತಲೆಯಾಡಿಸಿ, ಈಗ ಕಣ್ಣು ಕಾಣಿಸುವುದೇ ಎಂದು ಅವನು ಕೇಳುತ್ತಾನೆ. ಈಗ ಕಾಣುತ್ತಿದೆ ಎನ್ನುತ್ತಾಳೆ. ಬೆರಳನ್ನು ಬಾಯಿಯ ಬಳಿ ಹಿಡಿದು, ಹೆದರಿಕೆ, ನಾಚಿಕೆ, ಆಸೆ ಮೂರೂ ಕೂಡಿದ ಮುಖದಿಂದ ಅವನು ನಗುತ್ತಾನೆ. ಚಿತ್ರ ಅಲ್ಲಿಗೆ ನಿಂತುಹೋಗುತ್ತದೆ. ಅವಳು ಅವನನ್ನು ಒಪ್ಪಿದಳೋ ಇಲ್ಲವೋ ಚಾಪ್ಲಿನ್ ಹೇಳುವುದಿಲ್ಲ. ಜೇಮ್ಸ್ ಏಜಿ ಎಂಬ ಅಮೆರಿಕದ ವಿಮರ್ಶಕನು 1949ರಲ್ಲಿ ಈ ಕೊನೆಯ ದೃಶ್ಯವನ್ನು ಕುರಿತು ಬರೆಯುತ್ತ, ಚಲಚ್ಚಿತ್ರದಲ್ಲಿ ಇದಕ್ಕೆ ಮಿಗಿಲಾದ ನಟನೆ ಇಲ್ಲವೆಂದು ಹೇಳಿದನು.

ಇನ್ನು ನನ್ನ ಪಾಲಿನ ಅರ್ಧ. ಆ ಚಿತ್ರವನ್ನು ನೋಡುವುದಕ್ಕೆ ಹತ್ತು ಹನ್ನೆರಡು ದಿನ ಮೊದಲು ಅಣ್ಣ ನನ್ನನ್ನು ನೋಡಲು ಹಾಸ್ಟೆಲಿಗೆ ಬಂದಿದ್ದನು. ನನ್ನ ಓದಿನ ಖರ್ಚನ್ನೆಲ್ಲ ಹೊತ್ತವನು ಅವನೇ. ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಕಬ್ಬಿನ ಹಾಲು ಕಾಯಿಸಿ, ಬೆಲ್ಲ ತೆಗೆದು ಕೂಡಿಸಿದ ಹಣ ಅದು. ಒಮ್ಮೆ ಪಾಕ ಸಿಡಿದು ಅವನ ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಸುಟ್ಟ ಕಲೆಯಾಗಿತ್ತು. ಅಂದು ಮಾಸಿದ ಪಂಚೆ ಉಟ್ಟು, ತಲೆಗೆ ಟವೆಲು ಸುತ್ತಿ, ಹೆಗಲ ಮೇಲೆ ಅಚ್ಚುಬೆಲ್ಲದ ಗಂಟು ಹೊತ್ತು ಬಾಗಿಲಲ್ಲಿ ನಿಂತಿದ್ದನು. ಜೊತೆಯಲ್ಲಿ ಇಸ್ತ್ರಿ ಮಾಡಿದ ಅಂಗಿಯ ಇಬ್ಬರು ಗೆಳೆಯರಿದ್ದರು. ಅವರಲ್ಲೊಬ್ಬನು, “ಯಾರಪ್ಪ ಇವರು?” ಎಂದನು. “ನಮ್ಮ ಊರಿನವರು, ಮನೆಗೆ ಬೇಕಾದವರು” ಎಂದೆ. ಮಾತು ಬಾಯಿಂದ ಬಿದ್ದಮೇಲೆ ಅಣ್ಣನ ಕಡೆ ನೋಡಿದೆ. ಅವನು ಗಂಟನ್ನು ಇಳಿಸಿ, “ಹೌದು ಸ್ವಾಮಿ, ಇವರ ಊರಿನವನೇ. ಈ ಕಡೆ ಬಂದಿದ್ದೆ, ಅವರ ಮನೆಯವರು ಕೊಟ್ಟುಬಾ ಅಂದರು” ಎಂದನು. ಒಂದು ಲೋಟ ನೀರನ್ನೂ ಕುಡಿಯದೆ ಹೊರಟುಹೋದನು. ನಾನು ಬಸ್ಸಿನವರೆಗೂ ಹೋಗಲಿಲ್ಲ.

ತುದಿಗಾಲಿನ ಮೇಲೆ ಸರಿದುಹೋದ ಬಡಪಾಯಿಯನ್ನು ನೋಡಿದಾಗಲೇ ನನ್ನ ಎದೆ ಧಸಕ್ಕೆಂದಿತ್ತು. ಕೊನೆಯ ದೃಶ್ಯದಲ್ಲಿ ಆ ಹುಡುಗಿಯ ಬೆರಳುಗಳು ಅಂಗೈಯನ್ನು ತಡವಿದಾಗ ಸುಟ್ಟ ಕಲೆಯೊಂದು ನನ್ನ ಕಣ್ಣ ಮುಂದೆ ಬಂದಿತು. ಅವಳು ಕಾಣದಿದ್ದವನನ್ನು ಗುರುತಿಸಿದಳು. ನಾನು ಬೆಳಕಿನಲ್ಲಿ, ಎರಡು ಕಣ್ಣನ್ನೂ ತೆರೆದುಕೊಂಡು, ಕೈ ಹಿಡಿದು ನಡೆಸಿದವನನ್ನು ಗುರುತಿಲ್ಲವೆಂದಿದ್ದೆ. ಅಮಲಿನ ನೆಪವೂ ನನಗಿರಲಿಲ್ಲ.

ಉಪಾಧ್ಯಾಯನಾದ ಮೇಲೆ ಆ ಕಾಲದ ಬೇರೆ ಚಿತ್ರಗಳನ್ನೂ ಹುಡುಕಿ ನೋಡಿದೆ. ಮಾತು ಬಂದ ಮೇಲೂ ಹಾಲಿವುಡ್ಡಿನ ಪ್ರೇಮಹಾಸ್ಯ ಸೊರಗಲಿಲ್ಲ, ದಾರಿ ಬದಲಿಸಿತು. 1934ರ ‘ಇಟ್ ಹ್ಯಾಪೆನ್ಡ್ ಒನ್ ನೈಟ್’ ಚಿತ್ರದಲ್ಲಿ ತಂದೆಯ ಮನೆ ಬಿಟ್ಟು ಓಡಿಬಂದ ಶ್ರೀಮಂತರ ಹುಡುಗಿಯೂ ಕೆಲಸ ಕಳೆದುಕೊಂಡ ಪತ್ರಕರ್ತನೂ ಒಂದೇ ಬಸ್ಸಿನಲ್ಲಿ ಪ್ರಯಾಣ ಮಾಡುತ್ತ, ದಾರಿಯುದ್ದಕ್ಕೂ ಜಗಳವಾಡುತ್ತಾರೆ. ಆ ಜಗಳವೇ ಪ್ರೇಮ. ರಾತ್ರಿ ಒಂದೇ ಕೋಣೆಯಲ್ಲಿ ತಂಗಬೇಕಾದಾಗ ನಡುವೆ ಹಗ್ಗ ಕಟ್ಟಿ ಕಂಬಳಿಯೊಂದನ್ನು ಇಳಿಬಿಡುತ್ತಾರೆ. ಅದೇ ಗೋಡೆ. ಕೆಲಸಗಾರರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಕೆಲಸವಿಲ್ಲದಿದ್ದ ಕಾಲದ ಅಮೆರಿಕದಲ್ಲಿ, ಸಿರಿತನ ಬಡತನಗಳ ನಡುವಿನ ಗೋಡೆ ಕಂಬಳಿಯಷ್ಟು ತೆಳುವೆಂದು ಎರಡು ಗಂಟೆಯ ಹೊತ್ತು ನಂಬುವುದು ಜನರಿಗೆ ಹಿತವಾಗಿದ್ದಿರಬೇಕು. ಆ ವರ್ಷದ ಅತ್ಯುತ್ತಮ ಚಿತ್ರ, ನಿರ್ದೇಶಕ, ನಟ, ನಟಿ, ಚಿತ್ರಕಥೆ, ಈ ಐದು ಆಸ್ಕರ್ ಪ್ರಶಸ್ತಿಗಳೂ ಅದಕ್ಕೇ ಬಂದವು. ಚುರುಕಾದ ಚಿತ್ರ, ನೋಡಿ ಸಂತೋಷಪಟ್ಟೆ. ಆದರೂ ಅದರಲ್ಲಿ ಎಲ್ಲವೂ ಮಾತಿನಲ್ಲಿ ತೀರಿಹೋಗುತ್ತದೆ. ನನಗೆ ತೀರದೆ ಉಳಿದದ್ದು ಆ ಅಂಗೈಯೇ.

2006ರಲ್ಲಿ ಬೆಂಗಳೂರಿನ ಒಂದು ಅಂಗಡಿಯಲ್ಲಿ ‘ಸಿಟಿ ಲೈಟ್ಸ್’ ಡಿವಿಡಿ ಸಿಕ್ಕಿತು. ಕೊಂಡುಕೊಂಡು ಊರಿಗೆ ಹೋದೆ. ಅಣ್ಣನಿಗೆ ಆಗ ಅರವತ್ತು ದಾಟಿತ್ತು. ರಾತ್ರಿ ಊಟವಾದ ಮೇಲೆ ಅವನ ಮಗನ ಟಿ.ವಿ.ಯಲ್ಲಿ ಚಿತ್ರ ಹಾಕಿಸಿ, ಅವನ ಪಕ್ಕದಲ್ಲಿ ಕುಳಿತೆ. ಇಂಗ್ಲಿಷಿನ ಒಂದಕ್ಷರ ತಿಳಿಯದ ಅಣ್ಣನಿಗೆ ನಾನು ಏನನ್ನೂ ಹೇಳಿಕೊಡಬೇಕಾಗಲಿಲ್ಲ. ಆನೆ ಬಂದಾಗ ತೊಡೆ ತಟ್ಟಿಕೊಂಡು ನಕ್ಕನು. ಮುಷ್ಟಿಯುದ್ಧದಲ್ಲಿ ಅವನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಕೊನೆಯ ದೃಶ್ಯದಲ್ಲಿ ನಾನು ತೆರೆಯನ್ನು ನೋಡಲಿಲ್ಲ, ಅವನ ಮುಖವನ್ನೇ ನೋಡುತ್ತಿದ್ದೆ. ಅವನು ಸುಮ್ಮನೆ ಕುಳಿತಿದ್ದನು. ಚಿತ್ರ ಮುಗಿಯಿತು.

ಇಪ್ಪತ್ತಾರು ವರ್ಷ ಗಂಟಲಿನಲ್ಲಿದ್ದ ಮಾತನ್ನು ಹೊರಗೆ ತಂದೆ. “ಅಣ್ಣಾ, ನೀನು ಒಂದು ಸಲ ಮೈಸೂರಿಗೆ, ನನ್ನ ಹಾಸ್ಟೆಲಿಗೆ ಬಂದಿದ್ದೆಯಲ್ಲ…”

“ಹೂಂ, ಬೆಲ್ಲ ತಂದಿದ್ದೆ” ಎಂದನು. “ಆ ವರ್ಷದ ಬೆಲ್ಲ ಬಹಳ ಚೆನ್ನಾಗಿತ್ತು. ನಿನ್ನ ಗೆಳೆಯರಿಗೂ ಕೊಟ್ಟೆಯೋ ಇಲ್ಲವೋ?”

“ಕೊಟ್ಟೆ.”

ಅವನು ಸ್ವಲ್ಪ ಹೊತ್ತು ಹೆಬ್ಬೆರಳಿನ ಬುಡವನ್ನು ಸವರಿಕೊಳ್ಳುತ್ತಿದ್ದು, “ಆ ಗುದ್ದಾಟ ಇದೆಯಲ್ಲ, ಅದನ್ನ ಇನ್ನೊಂದು ಸಲ ಹಾಕು” ಎಂದನು.

ಹಾಕಿದೆ.